ಯಜಮಾನರ ಎಡಗೈ

ಅವಳ ಹುಟ್ಟುಹೆಸರು ಏನೇ ಇರಲಿ, ವೈದ್ಯ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು ತಂತಿಯಕ್ಕ. ಹೊಸದಾಗಿ ಸೇರಿದ ಹುಡುಗರು ಈಯಮ್ಮ ಯಾವುದೋ ವಾದ್ಯ ನುಡಿಸುತ್ತಾಳೇನೋ ಅಂದುಕೊಂಡು, ಪಾಪ, ಅವಳ ಕೋಣೆಗೆ ಇಣುಕುತ್ತಿದ್ದರು. ಆಮೇಲೆ ಆ ದಿನದ ಊಟ ಅವರಿಗೆ ಸೇರುತ್ತಿರಲಿಲ್ಲ. ತಂತಿಯಕ್ಕನ ಕೆಲಸ ಮನುಷ್ಯರ ಎಲುಬು ಪೋಣಿಸುವುದು. ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು, ಹಿತ್ತಾಳೆ ತಂತಿ ತೂರಿಸಿ, ಇಕ್ಕಳದಲ್ಲಿ ಹಿಡಿದು ತಿರುಚಿ, ಚೆಲ್ಲಾಪಿಲ್ಲಿಯಾಗಿ ಬಿದ್ದದ್ದನ್ನು ಮತ್ತೆ ಮನುಷ್ಯನ ಆಕಾರಕ್ಕೆ ತಂದು ನಿಲ್ಲಿಸುವುದು. "ದೇವರು ಮಣ್ಣಲ್ಲಿ ಮಾಡ್ದ, ನಾನು ತಂತೀಲಿ ಮಾಡ್ತೀನಿ. ಅವನಿಗೆ ರಜ ಇಲ್ಲ, ನನಗೆ ಭಾನುವಾರ ಇದೆ, ಅಷ್ಟೇ ವ್ಯತ್ಯಾಸ," ಅನ್ನುತ್ತಿದ್ದಳು. ಮದುವೆ ಯಾಕಾಗಲಿಲ್ಲ ಅಂತ ಕೇಳುವ ಅಧಿಕಪ್ರಸಂಗಿಗಳಿಗೂ ಉತ್ತರ ನಾಲಿಗೆ ತುದಿಯಲ್ಲೇ ಇತ್ತು: "ಇಲ್ಲಿ ಇಷ್ಟು ಜನ ಗಂಡಸರಿದ್ದಾರಲ್ಲ, ಒಬ್ಬನೂ ಎದುರು ಮಾತಾಡಲ್ಲ. ಇದಕ್ಕಿಂತ ಸುಖ ಬೇಕಾ?"

ಹೀಗೆ ಊರನ್ನೇ ನಗಿಸುತ್ತಿದ್ದವಳು ನಗುವುದನ್ನೇ ಮರೆತ ಒಂದು ಕಾಲ ಬಂತು. ಹೇಳಬೇಕಾದ್ದು ಅದನ್ನೇ.

ಅವಳಿಗೆ ಈ ವಿದ್ಯೆ ಕಲಿಸಿದವನು ಆ ಕೋಣೆಯಲ್ಲೇ ತಲೆಗೂದಲು ಹಣ್ಣಾಗಿಸಿಕೊಂಡ ಒಬ್ಬ ಮುದುಕ. ಎಲ್ಲರೂ ತಾತ ಅನ್ನುತ್ತಿದ್ದರು. ಆಸ್ಪತ್ರೆಯ ಶವಾಗಾರದಲ್ಲಿ ಗುರುತು ಸಿಗದೆ, ಕೇಳಿಕೊಂಡು ಬರುವವರಿಲ್ಲದೆ ಉಳಿದ ದೇಹಗಳು ಆಗ ಕಾಲೇಜಿಗೆ ಬರುತ್ತಿದ್ದವು. ವಿದ್ಯಾರ್ಥಿಗಳು ಕೊಯ್ದು ಕಲಿತು ಮುಗಿಸಿದ ಮೇಲೆ ಉಳಿದದ್ದು ತಾತನ ಪಾಲಿಗೆ. ದೊಡ್ಡ ಹಂಡೆಯಲ್ಲಿ ಕುದಿಸಿ, ತೊಳೆದು, ಬ್ಲೀಚಿನಲ್ಲಿ ಅದ್ದಿ ಬೆಳ್ಳಗೆ ಮಾಡಿ, ನೆರಳಲ್ಲಿ ಒಣಗಿಸುವುದು ಅವನ ಕ್ರಮ. ಆದರೆ ಹಂಡೆ ಇದ್ದದ್ದು ಒಂದೇ. ಬದುಕಿದ್ದಾಗ ಒಬ್ಬರ ಮುಖ ಇನ್ನೊಬ್ಬರು ನೋಡದವರು ಅದರೊಳಗೆ ಒಟ್ಟಿಗೆ ಕುದಿಯುತ್ತಿದ್ದರು. ಹೊರಗೆ ತೆಗೆದ ಮೇಲೆ ಯಾರ ಪಕ್ಕೆಲುಬು ಯಾರದ್ದು ಅಂತ ಬ್ರಹ್ಮ ಬಂದರೂ ಹೇಳಲಾರ. ತಾತನಿಗೆ ಅದರ ಚಿಂತೆಯೂ ಇರಲಿಲ್ಲ. ಉದ್ದಕ್ಕೆ ಉದ್ದ, ದಪ್ಪಕ್ಕೆ ದಪ್ಪ ಹೊಂದಿಸಿ ಜೋಡಿಸುತ್ತಿದ್ದ. "ಅಳತೆ ಕೂಡಿದ್ರೆ ನಂಟು ಕೂಡಿದ ಹಾಗೇ ಮಗಳೇ," ಅನ್ನುವುದು ಅವನ ಮಾತು.

ತಂತಿಯಕ್ಕ ಕೈಯಾರೆ ಪೂರ್ತಿ ಕಟ್ಟಿದ ಮೊದಲ ಅಸ್ಥಿಪಂಜರ ಪಾಠದ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಕಂಬಕ್ಕೆ ಆತುಕೊಂಡು ನಿಂತಿತ್ತು. ಅದಕ್ಕೆ ಯಜಮಾನರು ಅಂತ ಹೆಸರಿಟ್ಟವಳೂ ಅವಳೇ. ತಲೆ ಒಬ್ಬನದ್ದು, ಬೆನ್ನು ಇನ್ನೊಬ್ಬನದ್ದು, ಬಲಗೈ ನಡುವಯಸ್ಸಿನ ಗಟ್ಟಿ ಆಳಿನದ್ದು, ಎಡಗೈ ಎಳೆ ಹುಡುಗನದ್ದು. ಅಂಥವರು ಕೂಡುಕುಟುಂಬದ ಯಜಮಾನರಲ್ಲದೆ ಮತ್ತಿನ್ನೇನು! ದಿನಾ ಬೆಳಿಗ್ಗೆ ಬಟ್ಟೆ ಹಿಡಿದು ಧೂಳು ಒರೆಸುವಾಗ "ಏನ್ ಯಜಮಾನ್ರೇ, ಮನೇಲಿ ಎಲ್ಲಾ ಚೆನ್ನಾಗಿದ್ದಾರಾ? ಜಗಳ ಗಿಗಳ ಇಲ್ಲ ತಾನೇ?" ಅಂತ ವಿಚಾರಿಸಿಕೊಳ್ಳುವುದು ರೂಢಿಯಾಗಿತ್ತು.

ತಾತನದ್ದು ಇನ್ನೊಂದು ಪದ್ಧತಿಯಿತ್ತು. ಪಾಠಕ್ಕೆ ನಿಲ್ಲುವ ಎಲುಬು ಗೋಡೆಯ ಮೇಲಿನ ಚಿತ್ರಪಟದ ಹಾಗೇ ಇರಬೇಕು. ಚಿತ್ರದಲ್ಲಿ ಇಲ್ಲದ ಮುಳ್ಳು, ಗುಬುಟು, ಕೊಕ್ಕೆ ಏನಿದ್ದರೂ ಅದು ಬೇಡದ ಬೆಳವಣಿಗೆ. ಇದ್ದರೆ ಹುಡುಗರು ಗೊಂದಲಕ್ಕೆ ಬೀಳುತ್ತಾರೆ, ಮೇಷ್ಟ್ರು ತಾತನ ಮೇಲೆ ರೇಗುತ್ತಾರೆ. ಹಾಗಾಗಿ ಅರ ತೆಗೆದುಕೊಂಡು ಉಜ್ಜಿ ನುಣ್ಣಗೆ ಮಾಡಿ, ಮೇಲೆ ವಾರ್ನಿಶ್ ಹಚ್ಚಿಬಿಡುವುದು. ಯಜಮಾನರ ಎಡತೋಳಿನ ಎಲುಬಿನಲ್ಲಿ, ಮೊಣಕೈಗಿಂತ ಮೂರು ಬೆರಳು ಮೇಲೆ, ಒಳಮಗ್ಗುಲಿಗೆ ಇಂಥದ್ದೇ ಒಂದು ಪುಟ್ಟ ಕೊಕ್ಕೆ ಇತ್ತು. ಕೆಳಮುಖವಾಗಿ ಬಾಗಿತ್ತು. "ಉಜ್ಜಿಬಿಡು," ಅಂದ ತಾತ. ಹೊಸಬಳು, ಮೊದಲನೇ ಕೆಲಸ, ಎದುರಾಡುವುದುಂಟೇ? ಉಜ್ಜಿದಳು. ಉಜ್ಜಿದ್ದೂ ಮರೆತುಹೋಯಿತು. ಆಮೇಲೆ ತಾತ ಹೋದ, ಅವನ ಅರ ಅವಳ ಪೆಟ್ಟಿಗೆಗೆ ಬಂತು, ಪದ್ಧತಿಯೂ ಅದರ ಹಿಂದೆಯೇ ಬಂತು.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಮ್ಮ. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆದುಕೊಳ್ಳುವ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕ ಇತ್ತು, ಹಾಕುವ ಹಾಗಿರಲಿಲ್ಲ. ಬೀದಿಯವರಿಗೆಲ್ಲ ಗೊತ್ತಿದ್ದ ವಿಷಯ ಇದು. ಕಳ್ಳರು ಬಂದರೇನು ಗತಿ ಅಂತ ಪಕ್ಕದ ಮನೆಯಾಕೆ ಎಷ್ಟೋ ಸಲ ಹೇಳಿ ನೋಡಿದ್ದಳು. "ಬರ್ಲಿ ಬಿಡು. ಕಳ್ಳನಾದ್ರೂ ಹೋಗೋವಾಗ ಬಾಗಿಲು ಮುಂದೆ ಎಳ್ಕೊಂಡು ಹೋಗ್ತಾನೆ. ನನ್ನ ಮಗ ಬಂದು ಇನ್ನೊಂದು ಸಲ ತಟ್ಟಿ ವಾಪಸ್ ಹೋಗೋದು ಬೇಡ," ಅನ್ನುತ್ತಿದ್ದಳು ಅಮ್ಮ.

ಮಗ ಅಂದರೆ ತಂತಿಯಕ್ಕನ ಅಣ್ಣ. ಓದು ತಲೆಗೆ ಹತ್ತದೆ ಲಾರಿ ಷೆಡ್ಡಿನಲ್ಲಿ ಗ್ರೀಸು ಮೆತ್ತಿಕೊಂಡು ತಿರುಗುತ್ತಿದ್ದ ಹುಡುಗ. ಅಪ್ಪ ಮುಂಗೋಪಿ. ಒಂದು ದಿನ ಬೆಲ್ಟು ಬಿಚ್ಚಿ ಬಾರಿಸಿ, "ಇನ್ನೊಂದ್ಸಲ ಈ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ" ಅಂತ ಹೊರಗೆ ದಬ್ಬಿ ಚಿಲಕ ಹಾಕಿದ. ಹುಡುಗ ಹೋದವನು ಮತ್ತೆ ಬಂದು ಬಾಗಿಲು ತಟ್ಟಿದ. ಮೆಲ್ಲಗೆ, ಬೆರಳಿನ ಗಿಣ್ಣಿನಿಂದ. ಅಮ್ಮ ಎದ್ದು ಹೊರಟರೆ ಅಪ್ಪ ಅವಳ ರಟ್ಟೆ ಹಿಡಿದು ಕೂರಿಸಿದ. ಬಿಡಿಸಿಕೊಂಡು ಹೋಗಿ ಚಿಲಕ ತೆಗೆಯುವಷ್ಟರಲ್ಲಿ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವತ್ತೇ ಕೊನೆ. ಎಲ್ಲಿ ಹೋದ, ಏನಾದ, ಬದುಕಿದ್ದಾನೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಅಪ್ಪ ಆ ಕೊರಗನ್ನು ಬಾಯಿ ಬಿಟ್ಟು ಹೇಳದೆಯೇ ಸತ್ತ. ಅಮ್ಮ ಮಾತ್ರ ಆಗಾಗ ತುತ್ತು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿ, "ತಟ್ಟಿದ ಹಾಗಾಯ್ತಲ್ವಾ?" ಅನ್ನುತ್ತಿದ್ದಳು. ತಂತಿಯಕ್ಕ ಎದ್ದು ಹೋಗಿ ನೋಡಿಕೊಂಡು ಬಂದು, "ಗಾಳಿ ಅಮ್ಮ," ಅನ್ನುತ್ತಿದ್ದಳು. ಗಾಳಿ ಬೀಸದ ದಿನವೂ ಅದೇ ಉತ್ತರ.

ಆ ಅಣ್ಣನ ಬಗ್ಗೆ ಅವಳಿಗೆ ಚೆನ್ನಾಗಿ ನೆನಪಿದ್ದದ್ದು ಒಂದು ಗಂಟಿನ ಕಥೆ. ಅಮ್ಮ ಮಕ್ಕಳಿಗೆ ಮೈ ತೊಳೆಯುವಾಗ ತೋಳಿನ ಒಳಮಗ್ಗುಲಲ್ಲಿ ಅವಳ ಹೆಬ್ಬೆರಳು ಒಂದು ಕಡೆ ತಡೆದು ನಿಲ್ಲುತ್ತಿತ್ತು. ಚರ್ಮದ ಕೆಳಗೆ ಗಟ್ಟಿಯಾಗಿ ಏನೋ ಸಿಗುತ್ತಿತ್ತು. ಅಮ್ಮನಿಗೂ ಇತ್ತು, ಅಮ್ಮನ ಅಪ್ಪನಿಗೂ ಇತ್ತಂತೆ. "ನಮ್ಮ ಕಡೆಯವರ ನರದ ಗಂಟು ಕಣ್ರೋ ಇದು. ಅಪ್ಪನ ಮೂಗು ಬಂದ್ರೂ ಗಂಟು ನನ್ದೇ," ಅಂತ ಅವಳಿಗೆ ಹೆಮ್ಮೆ. ಅಣ್ಣ ಕೀಟಲೆಯವನು. "ನಾನು ಕಳೆದುಹೋದ್ರೆ ಪೊಲೀಸ್ರಿಗೆ ಫೋಟೋ ಕೊಡ್ಬೇಡಿ, ಗಂಟು ಮುಟ್ಟಿ ನೋಡಿ ಅನ್ನಿ," ಅಂತ ಒದ್ದೆ ಮೈಯಲ್ಲೇ ಓಡುತ್ತಿದ್ದ. ಬಾಯಿಂದ ಬಂದದ್ದು ನಿಜವಾಗುತ್ತದೆ ಅನ್ನುತ್ತಾರಲ್ಲ, ಅದನ್ನು ನೆನೆದರೆ ಮೈ ಜುಂ ಅನ್ನುತ್ತದೆ.

ವಯಸ್ಸಾಗುತ್ತ ತಂತಿಯಕ್ಕನ ಕೈಗೆ ಒಂದು ಕಾಟ ಶುರುವಾಯಿತು. ಇಕ್ಕಳ ಬಿಗಿಹಿಡಿದು ತಂತಿ ತಿರುಚುವಾಗ ಹೆಬ್ಬೆರಳು, ಅದರ ಪಕ್ಕದ ಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದವು. ಬರೀ ಜೋಮಾಗಿದ್ದರೆ ಯಾರು ಕೇಳುತ್ತಿದ್ದರು? ಯಾರೋ ಆ ಮೂರು ಬೆರಳು ಹಿಡಿದು ಮೆಲ್ಲಗೆ ಎಳೆದ ಹಾಗೆ ಆಗುತ್ತಿತ್ತು. ಬೀದಿ ದಾಟುವಾಗ ಚಿಕ್ಕವರ ಬೆರಳನ್ನು ದೊಡ್ಡವರು ಹಿಡಿಯುವುದಿಲ್ಲವೇ, ಹಾಗೆ. ಅಮ್ಮನ ಹತ್ತಿರ ಹೇಳಿದರೆ, "ಅಣ್ಣ ನೆನೆಸ್ಕೋತಿದ್ದಾನೆ ಕಣೇ," ಅಂತ ಕಣ್ಣು ಒರೆಸಿಕೊಂಡಳು. ಅವಳ ಕಣ್ಣಿಗೆ ಆ ವೇಳೆಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅದೇ ವರ್ಷ ವಿಭಾಗಕ್ಕೆ ಹೊಸ ಮೇಡಂ ಬಂದಳು. ಚಿಕ್ಕ ವಯಸ್ಸು, ದೊಡ್ಡ ಉತ್ಸಾಹ. ಪಾಠ ಮಾಡುವುದಲ್ಲದೆ ಪತ್ರಿಕೆಗೆ ಮನುಷ್ಯನ ಮೈಯ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತಿದ್ದಳು. ಬರೆದದ್ದನ್ನು ಕಳಿಸುವ ಮುಂಚೆ ತಂತಿಯಕ್ಕನ ಮುಂದೆ ಕೂತು ಓದುವುದು, ಅವಳು ಆಕಳಿಸಿದ ಕಡೆ ಗೆರೆ ಹೊಡೆಯುವುದು. "ನಮ್ಮ ಮೈ ಒಂದು ಹಳೇ ಬಾಡಿಗೆ ಮನೆ ಇದ್ದ ಹಾಗೆ," ಅಂತ ಒಂದು ಸಲ ಓದಿದಳು. "ಖಾಲಿ ಮಾಡಿ ಹೋದವರು ಗೋಡೆಗೆ ಹೊಡೆದ ಮೊಳೆಗಳು ಹಾಗೇ ಉಳಿದಿವೆ. ಬೆನ್ನಿನ ತುದಿಯಲ್ಲಿರುವ ಎಲುಬು ಬಾಲ ಇದ್ದವರು ಬಿಟ್ಟು ಹೋದದ್ದು. ಕಿವಿ ಅಲ್ಲಾಡಿಸಲು ನೋಡುವ ಸ್ನಾಯು, ಸದ್ದು ಬಂದ ಕಡೆ ಕಿವಿ ತಿರುಗಿಸುತ್ತಿದ್ದವರದ್ದು. ಹೆದರಿದಾಗ ನಮಗೆ ರೋಮ ಏಳುತ್ತದೆ. ಮೈತುಂಬ ತುಪ್ಪಳ ಇದ್ದವರು ಶತ್ರುವಿನ ಮುಂದೆ ದಪ್ಪಗೆ ಕಾಣಲು ಮಾಡುತ್ತಿದ್ದ ಉಪಾಯ ಅದು. ತುಪ್ಪಳ ಹೋಯಿತು, ಹೆದರಿಕೆ ಉಳಿಯಿತು."

"ಎಷ್ಟು ಸುಣ್ಣ ಬಳಿದ್ರೂ ಮೊಳೆ ಹೋಗಲ್ಲ ಅನ್ನಿ," ಅಂದಳು ತಂತಿಯಕ್ಕ. ಮೇಡಂ ಬಿದ್ದು ಬಿದ್ದು ನಕ್ಕು, ಆ ಮಾತನ್ನೂ ಬರಹಕ್ಕೆ ಸೇರಿಸಿಕೊಂಡಳು. ಅಷ್ಟರಲ್ಲಿ ತಂತಿಯಕ್ಕನ ಕೈಯಿಂದ ಇಕ್ಕಳ ಜಾರಿ ಠಣ್ಣನೆ ನೆಲಕ್ಕೆ ಬಿತ್ತು.

"ಏನಾಯ್ತಕ್ಕ? ಕೈ ಕೊಡಿ ನೋಡೋಣ," ಅಂತ ಮೇಡಂ ಬೆರಳು, ಮಣಿಕಟ್ಟು, ತೋಳು ಒತ್ತುತ್ತ ಮೇಲಕ್ಕೆ ಹೋದಳು. ಮೊಣಕೈ ದಾಟಿ ಮೂರು ಬೆರಳು ಮೇಲೆ ಅವಳ ಹೆಬ್ಬೆರಳು ನಿಂತಿತು. ಅಮ್ಮನ ಹೆಬ್ಬೆರಳು ನಿಲ್ಲುತ್ತಿದ್ದ ಜಾಗ ಅದು. ಮೇಡಂ ಕಣ್ಣು ಅರಳಿತು. ಎಳೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿಯೇ ಬಿಟ್ಟಳು. ಬೆಳಕಿನ ಮುಂದೆ ಹಿಡಿದರೆ ತೋಳಿನ ಎಲುಬಿನಿಂದ ಕೆಳಮುಖವಾಗಿ ಬಾಗಿದ ಪುಟ್ಟ ಕೊಕ್ಕೆ.

"ಇದು ನರದ ಗಂಟಲ್ವಾ?"

"ನರ ಅಲ್ಲಕ್ಕ, ಎಲುಬು. ಬನ್ನಿ ಇಲ್ಲಿ." ಮೇಡಂ ಗಾಜಿನ ಬೀರುವಿನಿಂದ ಒಂದು ಬೆಕ್ಕಿನ ತೋಳಿನ ಎಲುಬು ತಂದಳು. ಅದರಲ್ಲಿ ಮೊಣಕೈ ಹತ್ತಿರ ಸಣ್ಣ ಎಲುಬಿನ ಸೇತುವೆ, ಸೇತುವೆಯ ಕೆಳಗೆ ಸೂಜಿ ದಾಟುವಷ್ಟು ಕಿಂಡಿ. "ಬೆಕ್ಕಿಗೆ ಕೈಯ ನರ ಈ ಕಿಂಡಿಯಲ್ಲಿ ಹೋಗತ್ತೆ. ಮರ ಹತ್ತೋ ಎಷ್ಟೋ ಪ್ರಾಣಿಗಳಿಗೂ ಹೀಗೇ ಇದೆ. ನಮ್ಮ ಹಿರೀಕರಿಗೂ ಬಹಳ ಬಹಳ ಹಿಂದೆ ಇತ್ತು ಅಂತ ಇದನ್ನ ಅಧ್ಯಯನ ಮಾಡಿದವರು ಹೇಳ್ತಾರೆ. ಆಮೇಲೆ ಸೇತುವೆ ಮುರೀತು. ನೂರರಲ್ಲಿ ಒಬ್ಬರಿಗೋ ಏನೋ ಅದರ ಅರ್ಧ ಉಳಿದಿರತ್ತೆ. ನಿಮ್ಮ ನರ ಈ ಕೊಕ್ಕೆಗೆ ಸಿಕ್ಕಿ ಒತ್ತಿಕೊಳ್ತಿದೆ, ಅದಕ್ಕೇ ಜೋಮು. ಕೆಲವು ಮನೆತನದಲ್ಲಿ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರತ್ತೆ." ಆಮೇಲೆ ತುಸು ಬೇಸರದಿಂದ ಅಂದಳು: "ನಮ್ಮ ಕಪಾಟಿನಲ್ಲಿ ಇಷ್ಟೊಂದು ತೋಳಿನ ಎಲುಬು ಇವೆ, ಒಂದರಲ್ಲೂ ಈ ಕೊಕ್ಕೆ ಇಲ್ಲ. ಬಂದಾಗಿನಿಂದ ಹುಡುಕ್ತಿದ್ದೀನಿ. ವಿಚಿತ್ರ ಅಲ್ವಾ?"

ವಿಚಿತ್ರ ಏನೂ ಇರಲಿಲ್ಲ. ಅರ ತಂತಿಯಕ್ಕನ ಪೆಟ್ಟಿಗೆಯಲ್ಲೇ ಇತ್ತು.

ಮೇಡಂ ಪಾಠಕ್ಕೆ ಹೋದ ಮೇಲೆ ಯಜಮಾನರ ಮುಂದೆ ಹೋಗಿ ನಿಂತಳು. ಅವತ್ತು ಕ್ಷೇಮ ವಿಚಾರಿಸಲಿಲ್ಲ. ಎಡತೋಳನ್ನು ಹಿಡಿದು ಹೆಬ್ಬೆರಳು ಆಡಿಸಿದಳು. ವಾರ್ನಿಶ್ ಕೆಳಗೆ ಒಂದು ಕಡೆ ಚಪ್ಪಟೆಯಾಗಿತ್ತು. ಬಗ್ಗಿ ನೋಡಿದರೆ ಅರದ ಸಣ್ಣ ಗೀರುಗಳು. ಹೆಗಲ ತುದಿಯಲ್ಲಿ ಬೆಳವಣಿಗೆ ಮುಗಿದು ಎಲುಬಿನ ತಲೆ ದಿಂಡಿಗೆ ಆಗಷ್ಟೇ ಬೆಸೆದುಕೊಂಡ ಗೆರೆ ಇನ್ನೂ ಮಾಸಿರಲಿಲ್ಲ. ಅಂದರೆ ಇಪ್ಪತ್ತರ ಆಸುಪಾಸಿನ ಹುಡುಗ. ಅಣ್ಣ ಮನೆ ಬಿಟ್ಟ ಎರಡು ಮೂರು ವರ್ಷಕ್ಕೆ ತಾನು ಈ ಕೆಲಸಕ್ಕೆ ಸೇರಿದ್ದು. ಅವನಿದ್ದಿದ್ದರೆ ಆಗ ಅದೇ ವಯಸ್ಸು. ಅವಳ ತೋಳಿನ ರೋಮಗಳೆಲ್ಲ ನಿಂತವು. ಯಾರದ್ದೋ ಹಳೇ ತುಪ್ಪಳ, ಯಾರದ್ದೋ ಹಳೇ ಹೆದರಿಕೆ, ಆದರೆ ಆ ಹೊತ್ತಿಗೆ ಅದು ಪೂರ್ತಿ ಅವಳದ್ದೇ ಆಗಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತ ಗಾದೆ ಹೇಳಿ ನಗುತ್ತೇವೆ. ಅವಳಿಗೆ ಅವತ್ತು ಅದು ನಗುವ ಗಾದೆಯಾಗಿ ಕಾಣಲಿಲ್ಲ. ದಿನಾ ಧೂಳು ಒರೆಸಿ, ಮನೇಲಿ ಎಲ್ಲಾ ಚೆನ್ನಾಗಿದ್ದಾರಾ ಅಂತ ಕೇಳುತ್ತಿದ್ದಳಲ್ಲ!

ಅಲ್ಲಿಂದ ಅವಳಿಗೆ ನೆಮ್ಮದಿ ಎಂಬುದು ಇರಲಿಲ್ಲ. ಎಡಗೈ ಅಣ್ಣನದ್ದಾದರೆ ಮಿಕ್ಕ ಅಣ್ಣ ಎಲ್ಲಿ? ಅದೇ ಹಂಡೆಯಿಂದ ಎದ್ದವರು ಎಷ್ಟೋ ಶಾಲೆಗಳಿಗೆ, ಕಾಲೇಜುಗಳಿಗೆ ಹೋಗಿದ್ದರು. ಕಾಲು ಯಾವುದೋ ಶಾಲೆಯ ಬೀರುವಿನಲ್ಲಿ, ತಲೆ ಯಾರದೋ ಓದುವ ಮೇಜಿನ ಮೇಲೆ. ಬಸ್ಸಿನಲ್ಲಿ ಹೋಗುವಾಗ ಶಾಲೆಯ ಕಿಟಕಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಕೋಣೆಯಲ್ಲಿ ಕೂತರೆ ಬೆನ್ನ ಹಿಂದೆ ಗಿಣ್ಣಿನಿಂದ ತಟ್ಟಿದ ಸದ್ದು. ತಿರುಗಿ ನೋಡಿದರೆ ಫ್ಯಾನಿನ ಗಾಳಿಗೆ ಯಜಮಾನರ ಎಡಗೈ ಕಬ್ಬಿಣದ ಕಂಬಕ್ಕೆ ತಾಗುತ್ತಿರುತ್ತಿತ್ತು. ಫ್ಯಾನು ಆರಿಸಿ ಬೆವರುತ್ತ ಕೂತಳು. ಆದರೂ ಕೇಳಿಸಿತು.

ಕೊನೆಗೆ ತಡೆಯಲಾರದೆ ಮೇಡಂ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ತಾತ, ಅರ, ಅಣ್ಣ, ಚಿಲಕ, ಎಲ್ಲ. ಮೇಡಂ ಎರಡು ದಿನ ತಿಳಿದವರನ್ನೆಲ್ಲ ವಿಚಾರಿಸಿದಳು. ಆಮೇಲೆ ಮೆಲ್ಲಗೆ ಅಂದಳು:

"ಅಕ್ಕ, ಸುಳ್ಳು ಸಮಾಧಾನ ಹೇಳಲ್ಲ ನಾನು. ನೂರಕ್ಕೆ ಒಬ್ಬರು ಅಂದ್ರೆ ಈ ಊರಲ್ಲೇ ಎಷ್ಟು ಸಾವಿರ ಜನಕ್ಕೆ ಇರ್ಬೇಕು ಲೆಕ್ಕ ಹಾಕಿ. ಅದು ಯಾರ ಕೈ ಬೇಕಾದ್ರೂ ಆಗಿರಬಹುದು."

"ಪರೀಕ್ಷೆ ಇರತ್ತಂತಲ್ಲ ಮೇಡಂ, ರಕ್ತಸಂಬಂಧ ತಿಳಿಯೋದು?"

"ಕೇಳಿ ನೋಡ್ದೆ. ಕುದಿಸಿ, ಬ್ಲೀಚಲ್ಲಿ ನೆನೆಹಾಕಿ, ಇಷ್ಟು ವರ್ಷ ಆಗಿದೆ. ಹಾಗೆ ಹೇಳೋ ಅಂಥದ್ದು ಅದರಲ್ಲಿ ಏನೂ ಉಳಿದಿರಲ್ಲ ಅಂದ್ರು. ನಾವೇ ಎಲ್ಲಾ ತೊಳೆದುಬಿಟ್ಟಿದ್ದೀವಿ."

"ಹಾಗಾದ್ರೆ ಅವನಲ್ಲ ಅಂತ ಹೇಳಿ."

"ಹಾಗೂ ಹೇಳೋಕಾಗಲ್ಲಕ್ಕ."

ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಕಾಯಿಲೆ ಅಂತ ಏನೂ ಇಲ್ಲ, ದೀಪದ ಎಣ್ಣೆ ಮುಗಿಯುತ್ತ ಬಂದಿತ್ತು, ಅಷ್ಟೇ. ಹಾಲು ಕುಡಿಸಲು ಹೋದರೆ ಒಂದೇ ಮಾತು: "ನಾನು ಹೋದ್ಮೇಲೆ ನೀನು ಚಿಲಕ ಹಾಕ್ಬಿಡ್ತೀಯ ಅಲ್ವಾ? ಅವನು ಬರ್ತಾನೋ ಇಲ್ವೋ, ಒಂದು ತಿಳಿದಿದ್ರೆ ನೆಮ್ಮದಿಯಾಗಿ ಕಣ್ಣು ಮುಚ್ತಿದ್ದೆ ಕಣೇ." ಸಾಯುವ ತಾಯಿಗೆ ಇದೊಂದು ಉತ್ತರ ಕೊಡಲಾಗದ ಮೇಲೆ ತಾನು ಮಗಳಾಗಿ ಇದ್ದು ಏನು ಪ್ರಯೋಜನ ಅಂತ ತಂತಿಯಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಉತ್ತರ ಕೈಯಲ್ಲೇ ಇದ್ದಿರಬಹುದು, ಆದರೆ ಅದನ್ನು ಓದಲು ಬೇಕಾದ ಗುರುತನ್ನು ಆ ಕೈಯೇ ಉಜ್ಜಿ ತೆಗೆದಿತ್ತು. ಉಳಿದದ್ದು ಒಂದೇ ದಾರಿ. ಆ ಗಂಟನ್ನು ಅಣ್ಣ ಹುಟ್ಟಿದಾಗಿನಿಂದ ಮುಟ್ಟಿ ಬಲ್ಲ ಹೆಬ್ಬೆರಳು ಇನ್ನೂ ಬದುಕಿತ್ತು.

ಮೇಡಂ ಒಪ್ಪಿದಳು. "ತಂತಿ ಸಡಿಲವಾಗಿದೆ, ರಿಪೇರಿಗೆ ಬಿಚ್ಚಿದ್ದೀವಿ ಅಂತ ಯಾರಾದ್ರೂ ಕೇಳಿದ್ರೆ ಹೇಳ್ತೀನಿ. ಸೋಮವಾರದ ಪಾಠಕ್ಕೆ ತಂದುಬಿಡಿ." ತಂತಿಯಕ್ಕ ಎಡತೋಳಿನ ಎಲುಬನ್ನು ಬಿಚ್ಚಿ, ಒಗೆದ ಟವಲಿನಲ್ಲಿ ಸುತ್ತಿ, ಊಟದ ಚೀಲದಲ್ಲಿ ಇಟ್ಟುಕೊಂಡಳು. ಬಸ್ಸಿನಲ್ಲಿ ಪಕ್ಕದವಳು ಜಾಗಕ್ಕಾಗಿ ಚೀಲವನ್ನು ಕೆಳಗಿಡಿ ಅಂದರೂ ಇಡಲಿಲ್ಲ. ಮಡಿಲಲ್ಲೇ ಹಿಡಿದುಕೊಂಡು ಬಂದಳು. ಚೀಲ ಬಿಡದೆ ಹೆಗಲಿನಿಂದಲೇ ಬಾಗಿಲು ದೂಡಿದಳು. ಅಣ್ಣನದ್ದೇ ಆಗಿದ್ದರೆ ಅವನು ಹೊಸ್ತಿಲು ದಾಟಿ ಒಳಗೆ ಬಂದಂತಾಯಿತಲ್ಲ.

ಇನ್ನೂ ಬಿಸಿಲಿತ್ತು. ಅಮ್ಮ ಕಿಟಕಿಯ ಬೆಳಕಿಗೆ ಮುಖ ಮಾಡಿ ದಿಂಬಿಗೆ ಒರಗಿ ಕೂತಿದ್ದಳು. ತಂತಿಯಕ್ಕ ಟವಲು ಬಿಡಿಸಿ ಎಲುಬನ್ನು ಅವಳ ಮಡಿಲಲ್ಲಿಟ್ಟಳು.

"ಏನಿದು? ತಣ್ಣಗಿದೆ."

"ನೋಡಮ್ಮ. ಮುಟ್ಟಿ ನೋಡು."

ಅಮ್ಮ ಹೆಗಲ ತುದಿಯಿಂದ ಶುರು ಮಾಡಿದಳು. ಮೈ ತೊಳೆಯುವಾಗಲೂ ಹಾಗೇ ಮಾಡುತ್ತಿದ್ದಳು, ಮೇಲಿನಿಂದ ಕೆಳಕ್ಕೆ. ಹೆಬ್ಬೆರಳು ಮೆಲ್ಲಗೆ ಜಾರುತ್ತ ಬಂತು. ಮೊಣಕೈಗಿಂತ ಮೂರು ಬೆರಳು ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ.

"ಇಲ್ಲಿ ಯಾರೋ ಉಜ್ಜಿದ್ದಾರೆ," ಅಂದಳು ಅಮ್ಮ.

"ನಾನೇ ಅಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ. ಏನು ಅಂತ ತಿಳೀದೆ ಉಜ್ಜಿಬಿಟ್ಟೆ. ಇಲ್ಲಿ ಗಂಟಿತ್ತು."

ಅಮ್ಮ ಬಯ್ಯಲಿಲ್ಲ, ಅಳಲಿಲ್ಲ. ತಡಕಾಡಿ ಟವಲು ಎತ್ತಿಕೊಂಡಳು. ಎಲುಬನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದಳು, ಮೊಣಕೈಯ ಸಂದು, ಅದರ ಹಿಂದಿನ ಗುಳಿ, ಒಂದೂ ಬಿಡದೆ. ನೀರಿನಿಂದ ಎದ್ದು ಬಂದ ಮಗುವಿಗೆ ಶೀತ ಆಗಬಾರದು ಅಂತ ಒರೆಸುತ್ತಾರಲ್ಲ, ಹಾಗೆ ಒರೆಸಿದಳು. ಒಣಗಿದ್ದ ಎಲುಬು ಅದು. ಆದರೂ ಒರೆಸುತ್ತಲೇ ಇದ್ದಳು. ಆಮೇಲೆ ಕೇಳಿದಳು:

"ಯಾವ ಕೈ ಇದು?"

"ಎಡಗೈ ಅಮ್ಮ."

"ನಿಮ್ಮಣ್ಣನಿಗೆ ಗಂಟು ಇದ್ದದ್ದು ಬಲಗೈಲಿ ಕಣೇ. ಎಡಗೈಲಿ ಇರ್ಲಿಲ್ಲ. ಇದು ಅವನದಲ್ಲ." ಟವಲಿನಲ್ಲಿ ಸುತ್ತಿ ಕೊಟ್ಟಳು. "ಯಾರ ಮಗನೋ ಏನೋ, ಪಾಪ. ಜೋಪಾನವಾಗಿ ತಗೊಂಡು ಹೋಗಿ ಇದ್ದಲ್ಲೇ ಇಡು. ಇನ್ನು ಇದನ್ನ ತಲೆಗೆ ಹಚ್ಕೋಬೇಡ."

ತಂತಿಯಕ್ಕನಿಗೆ ತಲೆಯ ಮೇಲಿದ್ದ ಕಲ್ಲುಚಪ್ಪಡಿ ಇಳಿದ ಹಾಗಾಯಿತು. ಅಣ್ಣ ಅಲ್ಲ! ಅಮ್ಮನಿಗಿಂತ ಬೇಕೇ ಸಾಕ್ಷಿ? ಅವತ್ತು ಬಹಳ ದಿನದ ಮೇಲೆ ಅಡುಗೆ ಮಾಡುತ್ತ ಏನೋ ಗುನುಗಿದಳು. ಸಂಜೆ ಅಮ್ಮನಿಗೆ ಊಟ ಮಾಡಿಸಿ, ಬಾಯಿ ಒರೆಸಿ, ದಿಂಬು ಸರಿಮಾಡಿ, ದೀಪ ಹಾಕಲು ಎದ್ದಳು.

"ಮಗಳೇ," ಅಂದಳು ಅಮ್ಮ, ಗೋಡೆಯ ಕಡೆ ತಿರುಗಿ ಮಲಗಿಕೊಂಡು. "ಚಿಲಕ ಹಾಕ್ಬಿಡು."

ತಂತಿಯಕ್ಕ ನಿಂತಲ್ಲೇ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಹತ್ತಿರ ಹೋದಳು. ಚಿಲಕ ತುಕ್ಕು ಹಿಡಿದು ಕೂತಿತ್ತು, ಅಲ್ಲಾಡಲಿಲ್ಲ. ಅಡುಗೆಮನೆಯಿಂದ ಎಣ್ಣೆ ತಂದು ಬಿಟ್ಟು, ಎರಡೂ ಕೈಯಿಂದ ಒತ್ತಿ ತಳ್ಳಿದಳು. ಕಿರ್ರೆಂದು ಹೋಗಿ ಕೂತಿತು. ಅಮ್ಮ ಆ ಸದ್ದು ಕೇಳುವವರೆಗೆ ಕಾದಿದ್ದು ಆಮೇಲೆ ಮೆಲ್ಲಗೆ ಮುಸುಕು ಎಳೆದುಕೊಂಡಳು. ಅಮ್ಮ ಅತ್ತಳೋ ಇಲ್ಲವೋ ತಂತಿಯಕ್ಕನಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಿ ನೋಡುವ ಧೈರ್ಯ ಬರಲಿಲ್ಲ.

ಸೋಮವಾರ ಎಡಗೈ ಯಜಮಾನರಿಗೆ ವಾಪಸ್ ಸೇರಿತು. ಅದನ್ನು ಕಟ್ಟುವಾಗ ತಂತಿಯಕ್ಕ ಎರಡು ಸುತ್ತು ಹೆಚ್ಚಾಗಿಯೇ ಹಾಕಿದಳು. ಅಮ್ಮ ಆಮೇಲೆ ಬಹಳ ದಿನ ಉಳಿಯಲಿಲ್ಲ. ತುತ್ತು ಎತ್ತಿದ ಕೈ ನಡುವೆ ನಿಲ್ಲುವುದು, ಬಾಗಿಲಿನ ಕಡೆ ಕಿವಿ ಕೊಡುವುದು ಯಾವುದೂ ಇರಲಿಲ್ಲ. ಕಣ್ಣು ಮುಚ್ಚಿದಾಗ ಮುಖ ಶಾಂತವಾಗಿತ್ತು.

ಬೆರಳ ಜೋಮಿಗೆ ಚಿಕ್ಕ ಆಪರೇಷನ್ ಸಾಕು, ಆ ಕೊಕ್ಕೆ ತೆಗೆದರೆ ಸರಿಹೋಗುತ್ತದೆ ಅಂತ ಮೇಡಂ ಎಷ್ಟು ಹೇಳಿದರೂ ತಂತಿಯಕ್ಕ ಒಪ್ಪಲಿಲ್ಲ. "ಒಂದನ್ನ ಉಜ್ಜಿದ್ದು ಸಾಕು ಮೇಡಂ," ಅಂದಳು. ಅರವನ್ನು ಪೆಟ್ಟಿಗೆಯಿಂದ ತೆಗೆದು ಮೇಡಂ ಕೈಗೆ ಕೊಟ್ಟಳು. ಆ ಮೇಲೆ ಬಂದ ಎಲುಬುಗಳಲ್ಲಿ ಮುಳ್ಳಿದ್ದರೆ ಮುಳ್ಳು, ಗುಬುಟಿದ್ದರೆ ಗುಬುಟು, ಹಾಗೇ ಉಳಿಯಿತು. ಒಬ್ಬರದ್ದು ಒಬ್ಬರಿಗೆ ಬೆರೆಯದಂತೆ ದಾರ ಕಟ್ಟಿ ಬೇರೆ ಬೇರೆ ಇಡುತ್ತಿದ್ದಳು.

ಆದರೆ ಅಮ್ಮ ಹೋದ ಹದಿನೈದು ದಿನಕ್ಕೆಲ್ಲ ಪಕ್ಕದ ಮನೆಯಾಕೆ ಒಂದು ವಿಷಯ ಗಮನಿಸಿದಳು. ಬೆಳಿಗ್ಗೆ ಏನೋ ಕೇಳಲು ಬಂದು ಬಾಗಿಲು ತಟ್ಟಿದರೆ ಅದು ತಾನಾಗೇ ಹಿಂದಕ್ಕೆ ಸರಿಯಿತು. "ಅಯ್ಯೋ, ಅಮ್ಮನ ಕಾಲದಲ್ಲೇ ಚಿಲಕ ಹಾಕೋಕೆ ಶುರು ಮಾಡಿದ್ರಲ್ಲ, ಮತ್ಯಾಕೆ ಬಿಟ್ರಿ?" ಅಂತ ಕೇಳಿದಳು.

ತಂತಿಯಕ್ಕ ಜೋಮು ಹಿಡಿದ ಮೂರು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಅಮ್ಮ ಆ ಕೈ ಅವನದಲ್ಲ ಅಂದಳಲ್ಲ," ಅಂದಳು. "ಅಮ್ಮ ಹೇಳಿದ್ದು ನಿಜ ಆಗಿದ್ರೆ ಅಣ್ಣ ಇನ್ನೂ ಬರಬೇಕು."